ಮ್ಯಾಗಿ ಬೆಲ್ ಅವರ ‘ಕ್ವೀನ್ ಆಫ್ ದಿ ನೈಟ್’: ಮರೆವಿಗೆ ಸಂದ ಒಂದು ರೆಕಾರ್ಡಿನ ಜೊತೆ ಕಳೆದ ಚಳಿಗಾಲ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗಾಯಕಿ ಮ್ಯಾಗಿ ಬೆಲ್ ಅವರು ತಮ್ಮದೇ ಹೆಸರಿನಲ್ಲಿ ಹೊರತಂದ ಮೊದಲ ಆಲ್ಬಂ ‘ಕ್ವೀನ್ ಆಫ್ ದಿ ನೈಟ್’ 1974ರಲ್ಲಿ ಬಂತು. ಅದರ ನಿರ್ಮಾಪಕರು ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ ಅವರ ಪ್ರಸಿದ್ಧ ಹಾಡುಗಳನ್ನು ಧ್ವನಿಮುದ್ರಿಸಿದ ಜೆರ್ರಿ ವೆಕ್ಸ್ಲರ್. ವಾದ್ಯ ನುಡಿಸಿದವರಲ್ಲಿ ಕಾರ್ನೆಲ್ ಡುಪ್ರೀ, ರೆಜಿ ಯಂಗ್, ಚಕ್ ರೇನಿ, ಸ್ಟೀವ್ ಗ್ಯಾಡ್ ಅವರಂಥ ಘಟಾನುಘಟಿಗಳಿದ್ದರು. ಹಾಡಿದಾಕೆ ಆ ಹೊತ್ತಿಗೆ ಬ್ರಿಟನ್ನಿನ ಸಂಗೀತ ಪತ್ರಿಕೆಗಳ ಓದುಗರಿಂದ ದೇಶದ ಶ್ರೇಷ್ಠ ಗಾಯಕಿಯೆಂದು ಆಯ್ಕೆಯಾಗಿದ್ದವರು. ಇಷ್ಟೆಲ್ಲ ಇದ್ದೂ ಇವತ್ತು ಬ್ಲೂಸ್ ರಾಕ್ ಬಗ್ಗೆ, ಅಂದರೆ ಕಪ್ಪು ಅಮೆರಿಕನ್ನರ ನೋವಿನ ಹಾಡಾದ ಬ್ಲೂಸಿನಿಂದ ಬೆಳೆದ ರಾಕ್ ಸಂಗೀತದ ಬಗ್ಗೆ, ಮಾತು ಬಂದಾಗ ಈ ಆಲ್ಬಮ್ಮಿನ ಹೆಸರೆತ್ತುವವರು ತೀರ ವಿರಳ. ಹುಬ್ಬಳ್ಳಿಯಿಂದ ಬಂದು ಹಲವು ವರ್ಷಗಳಿಂದ ಗ್ಲಾಸ್ಗೋದಲ್ಲಿ ನೆಲೆಸಿರುವ ನಾನು ಕಳೆದ ಚಳಿಗಾಲವನ್ನು ಬಹುಮಟ್ಟಿಗೆ ಈ ಒಂದು ರೆಕಾರ್ಡಿನ ಜೊತೆಗೇ ಕಳೆದೆ. ಅದನ್ನು ಹುಡುಕಿ ತಂದು, ತೊಳೆದು, ಕೇಳಿ, ಅದರ ಹಿಂದಿನ ಬದುಕನ್ನು ಬಲ್ಲವರಿಂದ ಕೇಳಿ ತಿಳಿದು, ಕೊನೆಗೆ ಕಂಪ್ಯೂಟರಿಗೆ ಇಳಿಸಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹುಡುಕಾಟಕ್ಕೆ ಕಾರಣವಾದದ್ದು ಬೇರೊಬ್ಬರ ಹಾಡು. ಬ್ರಿಟನ್ನಿನ ರಾಕ್ ಗಾಯಕ ರಾಡ್ ಸ್ಟೀವರ್ಟ್ ಅವರ 1971ರ ‘ಎವ್ರಿ ಪಿಕ್ಚರ್ ಟೆಲ್ಸ್ ಎ ಸ್ಟೋರಿ’ ಆಲ್ಬಮ್ಮಿನ ಶೀರ್ಷಿಕೆ ಗೀತೆಯಲ್ಲಿ, ಅವರ ಒರಟು ದನಿಗೆ ಸರಿಸಮನಾಗಿ ಹೆಣ್ಣುದನಿಯೊಂದು ಬಂದು ಸೇರಿಕೊಳ್ಳುತ್ತದೆ. ಹಿಂದೆ ನಿಂತು ದನಿಗೂಡಿಸುವ ಸಹಗಾಯಕಿಯರ ನಯ ಆ ದನಿಯಲ್ಲಿಲ್ಲ. ಮುಖ್ಯ ಗಾಯಕನ ಹೆಗಲಿಗೆ ಹೆಗಲು ಕೊಟ್ಟು, ಒಂದೆರಡು ಕಡೆ ಅವನನ್ನೇ ಪಕ್ಕಕ್ಕೆ ಸರಿಸಿ ಅದು ಮುಂದೆ ಬರುತ್ತದೆ. ಈ ಹಾಡನ್ನು ನಾನು ಕಾಲೇಜಿನ ದಿನಗಳಿಂದ ಕೇಳುತ್ತಿದ್ದರೂ ಆಕೆ ಯಾರೆಂದು ವಿಚಾರಿಸಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಒಮ್ಮೆ ಆ ಆಲ್ಬಮ್ಮಿನ ಹೊದಿಕೆಯ ಮೇಲಿನ ಹೆಸರುಗಳನ್ನು ನಿಧಾನವಾಗಿ ಓದುವಾಗ ಮ್ಯಾಗಿ ಬೆಲ್ ಎಂಬ ಹೆಸರು ಕಂಡಿತು. ಆಕೆ ಹುಟ್ಟಿದ್ದು ನಾನು ಬಸ್ಸಿನಲ್ಲಿ ದಿನವೂ ಹಾದುಹೋಗುವ ಮೇರಿಹಿಲ್ ಬಡಾವಣೆಯಲ್ಲಿ ಎಂದು ತಿಳಿದಾಗ, ಆ ದನಿಯನ್ನು ಪೂರ್ತಿಯಾಗಿ ಕೇಳದೆ ಬಿಡಬಾರದೆಂದು ನಿಶ್ಚಯಿಸಿದೆ.

ನನಗೆ ಬೇಕಾಗಿದ್ದದ್ದು ಆಗ ಅಚ್ಚಾದ ಎಲ್‌ಪಿ. ನಂತರದ ಮರುಮುದ್ರಣಗಳಲ್ಲಿ ಸದ್ದಿನ ಮಟ್ಟವನ್ನು ಏರಿಸಿ, ಮೆಲುದನಿಗೂ ಎತ್ತರದ ದನಿಗೂ ಇರುವ ಅಂತರವನ್ನು ಕುಗ್ಗಿಸುವ ರೂಢಿ ಅನೇಕ ಕಂಪನಿಗಳಿಗಿದೆ. ಬ್ಲೂಸ್ ಹಾಡುಗಾರ್ತಿಯ ಮಟ್ಟಿಗೆ ಆ ಅಂತರವೇ ಸರ್ವಸ್ವ ಎಂಬುದು ನನ್ನ ನಂಬಿಕೆ. ಹಾಗಾಗಿ ನಗರದ ಪಶ್ಚಿಮ ಭಾಗದಲ್ಲಿ, ಜನ ಕೊಟ್ಟ ಹಳೆಯ ಪುಸ್ತಕ, ಬಟ್ಟೆ, ರೆಕಾರ್ಡುಗಳನ್ನು ಮಾರಿ ಸೇವಾಕಾರ್ಯಗಳಿಗೆ ಹಣ ಕೂಡಿಸುವ ಅಂಗಡಿಗಳನ್ನೆಲ್ಲ ಒಂದೊಂದಾಗಿ ಸುತ್ತಿದೆ. ಅಮೆರಿಕದ ಬ್ಲೂಸ್ ರಾಕ್ ಗಾಯಕಿ ಜಾನಿಸ್ ಜೋಪ್ಲಿನ್ ಎಲ್ಲ ಕಡೆ ಇದ್ದರು, ರಾಡ್ ಸ್ಟೀವರ್ಟ್ ಅಂತೂ ರಾಶಿಗಟ್ಟಲೆ ಇದ್ದರು. ಈ ಊರಿನಲ್ಲೇ ಹುಟ್ಟಿದ ಮ್ಯಾಗಿ ಬೆಲ್ ಮಾತ್ರ ಎಲ್ಲಿಯೂ ಇರಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ಊರ ಪೂರ್ವಕ್ಕೆ, ಗ್ಯಾಲೋಗೇಟ್ ಬದಿಯಲ್ಲಿ ವಾರಾಂತ್ಯಕ್ಕೆ ನೆರೆಯುವ ‘ಬ್ಯಾರಾಸ್’ ಸಂತೆಯಲ್ಲಿ. ಹಳೆಯ ಪೀಠೋಪಕರಣಗಳ ನಡುವೆ ರಟ್ಟಿನ ಪೆಟ್ಟಿಗೆಗಳಲ್ಲಿ ರೆಕಾರ್ಡು ಇಟ್ಟುಕೊಂಡು ಕುಳಿತಿದ್ದ ಹಿರಿಯರೊಬ್ಬರು ಹೆಸರು ಕೇಳಿದ ಕೂಡಲೇ, “ಟ್ಯಾಗರ್ಟ್ ಹಾಡಿನ ಮ್ಯಾಗಿ ತಾನೇ?” ಎಂದು ಕೈಚಾಚಿ ಕೆಳಗಿನ ಪೆಟ್ಟಿಗೆಯಿಂದ ಅದನ್ನು ಎಳೆದುಕೊಟ್ಟರು. ‘ಟ್ಯಾಗರ್ಟ್’ ಎಂಬುದು ಗ್ಲಾಸ್ಗೋ ಪೊಲೀಸರ ಬಗೆಗಿನ, 1983ರಿಂದ 2010ರವರೆಗೆ ನಡೆದ ಟಿವಿ ಧಾರಾವಾಹಿ. ಅದರ ‘ನೋ ಮೀನ್ ಸಿಟಿ’ ಎಂಬ ಶೀರ್ಷಿಕೆ ಗೀತೆಯನ್ನು ಹಾಡಿದವರು ಮ್ಯಾಗಿ ಬೆಲ್. ಈ ಊರಿನ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಆಕೆಯ ದನಿ ಕೇಳಿಸಿದೆ; ಆಕೆ ಒಂದು ಕಾಲಕ್ಕೆ ಏನನ್ನು ಹಾಡುತ್ತಿದ್ದರು ಎಂಬುದು ಮಾತ್ರ ಮರೆತುಹೋಗಿದೆ.

ಪ್ಲೇಟಿನ ಸ್ಥಿತಿ ಮೇಲುನೋಟಕ್ಕೆ ಚೆನ್ನಾಗಿಯೇ ಇತ್ತು. ಒಳಗಿನ ಕಾಗದದ ಚೀಲದ ಅಂಚು ಹರಿದಿತ್ತು, ಹೊದಿಕೆಯ ಮೂಲೆಯಲ್ಲಿ ಹಿಂದಿನ ಮಾಲೀಕರು ನೀಲಿ ಬಾಲ್‌ಪೆನ್ನಿನಿಂದ ಬರೆದ ಎರಡು ಅಕ್ಷರಗಳಿದ್ದವು. ಆದರೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ, ಗೆರೆಗಳ ಮೇಲೆ ಹೊಗೆಯಾಡಿದಂಥ ಮಬ್ಬು ಕಂಡಿತು. ದಶಕಗಳ ಧೂಳು, ಕೈಯ ಜಿಡ್ಡು ಮತ್ತು ಸಿಗರೇಟಿನ ಹೊಗೆ ಸೇರಿ ಹಿಡಿದ ಪೊರೆ ಅದು. ಹಾಗೆಯೇ ನುಡಿಸಿದರೆ ಮುಳ್ಳು ಆ ಕೊಳೆಯನ್ನು ಗೆರೆಯ ತಳಕ್ಕೆ ಒತ್ತಿಬಿಡುತ್ತದೆ. ಹುಬ್ಬಳ್ಳಿಯಲ್ಲಿ ಹಳೆಯ ಹಿಂದುಸ್ತಾನಿ ಪ್ಲೇಟುಗಳನ್ನು ಮಕ್ಕಳಂತೆ ಜೋಪಾನ ಮಾಡಿಕೊಂಡು ಬಂದ ನನ್ನ ಕಾಕಾ ಅವರಿಗೆ ಫೋನ್ ಮಾಡಿದೆ. ಶುದ್ಧೀಕರಿಸಿದ ನೀರಿಗೆ ಸ್ವಲ್ಪವೇ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ತೊಳೆಯುವುದಾಗಿ ಹೇಳಿದಾಗ ಅವರು, “ನೋಡವಾ, ಸ್ಪಿರಿಟ್ ಹಾಕಿದ ನೀರು ನಿನ್ನ ಎಲ್‌ಪಿಗೆ ನಡೀತದ. ನನ್ನ ಹಳೇ ಪ್ಲೇಟಿಗೆ ಮಾತ್ರ ತೋರಸಬ್ಯಾಡ, ಅರಗು ಕರಗಿ ಹೋಗ್ತದ” ಎಂದರು. ಅವರ ಮಾತು ಅಕ್ಷರಶಃ ನಿಜ. ನಿಮಿಷಕ್ಕೆ 78 ಸುತ್ತಿನ ಹಳೆಯ ಪ್ಲೇಟುಗಳಲ್ಲಿ ಅರಗು ಬೆರೆತಿರುವುದರಿಂದ ಅವು ಆಲ್ಕೊಹಾಲಿಗೆ ಕರಗುತ್ತವೆ. ಎಲ್‌ಪಿಯನ್ನು ಮಾಡುವುದು ವಿನೈಲ್ ಪ್ಲಾಸ್ಟಿಕ್ಕಿನಿಂದ, ಅದು ತಡೆದುಕೊಳ್ಳುತ್ತದೆ.

ತೊಳೆಯುವ ಕೆಲಸದಲ್ಲಿ ಅವಸರ ಸಲ್ಲದು. ನಡುವಿನ ಕಾಗದದ ಲೇಬಲ್ಲಿಗೆ ನೀರು ತಾಗದಂತೆ ಅದರ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳವನ್ನು ಒತ್ತಿ ಹಿಡಿದು, ಮೆತ್ತನೆಯ ಬ್ರಷ್ಷನ್ನು ಗೆರೆ ಸಾಗುವ ದಿಕ್ಕಿನಲ್ಲಿಯೇ ಸುತ್ತು ಬಳಸಿ ಆಡಿಸಿದೆ. ಅಡ್ಡ ಉಜ್ಜಿದರೆ ಗೀರು ಬೀಳುವುದು ಖಂಡಿತ. ಮತ್ತೆ ಬರೀ ಶುದ್ಧ ನೀರಿನಿಂದ ತೊಳೆದು, ನೂಲು ಬಿಡದ ಬಟ್ಟೆಯಿಂದ ಒತ್ತಿ ಒರೆಸಿ, ರಾತ್ರಿಯಿಡೀ ನಿಲ್ಲಿಸಿ ಒಣಗಿಸಿದೆ. ಬಟ್ಟೆಯ ಮೇಲೆ ಉಳಿದದ್ದು ತಿಳಿಗಂದು ಬಣ್ಣದ ಕೊಳೆ. ಮರುದಿನ ಅದೇ ಬೆಳಕಿನಲ್ಲಿ ನೋಡಿದಾಗ ಹಾಡುಗಳ ನಡುವಿನ ತೆರಪುಗಳು ಮಾತ್ರವಲ್ಲದೆ, ಒಂದೇ ಹಾಡಿನೊಳಗೆ ಸದ್ದು ಏರಿದ ಕಡೆ ಗೆರೆಗಳು ಅಗಲವಾಗಿ ಮಸುಕಾಗಿ, ತಗ್ಗಿದ ಕಡೆ ಒತ್ತೊತ್ತಾಗಿ ಕಪ್ಪಾಗಿ ಇರುವುದು ಕೂಡ ಬರಿಗಣ್ಣಿಗೆ ಕಂಡಿತು. ಎರಡನೆಯ ಹಾಡಿನ ಬಹುಭಾಗ ಹೀಗೆ ಕಪ್ಪಾಗಿಯೇ ಇತ್ತು.

ಆ ಎರಡನೆಯ ಹಾಡು ‘ಎ ವುಮನ್ ಲೆಫ್ಟ್ ಲೋನ್ಲಿ’. ಡ್ಯಾನ್ ಪೆನ್ ಮತ್ತು ಸ್ಪೂನರ್ ಓಲ್ಡಮ್ ಬರೆದ ಈ ಹಾಡನ್ನು ಲೋಕ ಬಲ್ಲದ್ದು ಜಾನಿಸ್ ಜೋಪ್ಲಿನ್ ಅವರಿಂದ. ಅವರು 1970ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ, 1971ರ ಜನವರಿಯಲ್ಲಿ ಹೊರಬಂದ ‘ಪರ್ಲ್’ ಆಲ್ಬಮ್ಮಿನಲ್ಲಿ ಅದು ಇದೆ. ಮ್ಯಾಗಿ ಬೆಲ್ ಅವರನ್ನು ಆಗಿನ ಪತ್ರಿಕೆಗಳು ‘ಬ್ರಿಟನ್ನಿನ ಜಾನಿಸ್ ಜೋಪ್ಲಿನ್’ ಎಂದು ಕರೆಯುತ್ತಿದ್ದವು. ಅಂಥ ಹೋಲಿಕೆಗೆ ಗುರಿಯಾದ ಗಾಯಕಿ ಅದೇ ಹಾಡನ್ನು, ಮೂರೇ ವರ್ಷಗಳ ಅಂತರದಲ್ಲಿ, ತನ್ನ ಮೊದಲ ಆಲ್ಬಮ್ಮಿನ ಎರಡನೆಯ ಹಾಡಾಗಿ ಎತ್ತಿಕೊಂಡದ್ದು ಸಣ್ಣ ಧೈರ್ಯವಲ್ಲ. ನಾನು ಎರಡು ಪ್ಲೇಟುಗಳನ್ನೂ ಒಂದರ ಬೆನ್ನಿಗೆ ಒಂದರಂತೆ, ಒಂದೊಂದು ಸಾಲಿನ ಮಟ್ಟಕ್ಕೆ ಇಳಿದು, ಅನೇಕ ಸಂಜೆಗಳಲ್ಲಿ ಕೇಳಿದೆ. ಜೋಪ್ಲಿನ್ ಹಾಡಿನಲ್ಲಿ ನೋವು ಮೊದಲಿನಿಂದಲೇ ತುದಿಗಾಲಲ್ಲಿ ನಿಂತಿರುತ್ತದೆ. ದನಿ ಒಡೆಯುವುದನ್ನು ನಾವು ಕಾಯುತ್ತೇವೆ, ಅದು ಒಡೆಯುತ್ತದೆ, ಆ ಒಡೆಯುವಿಕೆಯೇ ಹಾಡಿನ ಶಿಖರ. ಮ್ಯಾಗಿ ಬೆಲ್ ಅದೇ ಸಾಲುಗಳನ್ನು ಎದೆಯ ಕೆಳಗಿನಿಂದ, ಸಾಕಷ್ಟು ತಗ್ಗಿನ ಸ್ಥಾಯಿಯಿಂದ ಎತ್ತಿಕೊಳ್ಳುತ್ತಾರೆ. ಏರಬಹುದಾದ ಕಡೆ ಏರದೆ, ಸಾಲಿನ ಕೊನೆಯ ಪದವನ್ನು ತುಸು ತಡವಾಗಿ, ತಾಳದ ಹಿಂದೆ ಬಿದ್ದು ಇಳಿಸುತ್ತಾರೆ. ದನಿ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದು ಮೊದಲ ಹಾಡಾದ ‘ಕ್ಯಾಡೊ ಕ್ವೀನ್’ನಲ್ಲಿಯೇ ನಮಗೆ ಗೊತ್ತಾಗಿರುತ್ತದೆ, ಆದ್ದರಿಂದ ಇಲ್ಲಿ ಆ ಬಲವನ್ನು ಆಕೆ ತಡೆಹಿಡಿದಿದ್ದಾರೆ ಎಂಬ ಅರಿವು ಕೇಳುವಾಗ ಜೊತೆಗೇ ಇರುತ್ತದೆ. ಗೆರೆಗಳು ಕಪ್ಪಾಗಿ ಕಂಡದ್ದರ ಕಾರಣ ನನಗೆ ಆಗ ಸ್ಪಷ್ಟವಾಯಿತು.

ನನ್ನ ಅಭಿಪ್ರಾಯದಲ್ಲಿ ಆ ‘ಬ್ರಿಟನ್ನಿನ ಜಾನಿಸ್’ ಎಂಬ ಬಿರುದೇ ಈ ಗಾಯಕಿಗೆ ದೊಡ್ಡ ಅನ್ಯಾಯ ಮಾಡಿತು. ಕಿರುಚಾಟ ಕೇಳಲು ಬಂದವರಿಗೆ ಈ ಸಂಯಮ ನೀರಸವೆನಿಸಿರಬೇಕು. ಸಂಯಮವನ್ನು ಮೆಚ್ಚುವವರು ಆ ಬಿರುದನ್ನು ನೋಡಿಯೇ ದೂರ ಸರಿದಿರಬೇಕು. ಗಡುಸಾದ ಹೆಣ್ಣುದನಿ ನನ್ನ ಕಿವಿಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಗಂಗೂಬಾಯಿ ಹಾನಗಲ್ ಅವರ ಹಾಡು ಬೆಳಗಿನ ಹೊತ್ತು ತಪ್ಪದೆ ಕೇಳಿಸುತ್ತಿತ್ತು. ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಬಂದ ಅವರ ಎಳೆಯ ವಯಸ್ಸಿನ ಪ್ಲೇಟುಗಳ ತೆಳುವಾದ ಏರುದನಿಯೂ, ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯೆಂದೇ ಅನೇಕರು ಭಾವಿಸುವಷ್ಟು ಭಾರವಾದ ದನಿಯೂ ಕಾಕಾ ಅವರ ಸಂಗ್ರಹದಲ್ಲಿವೆ. ಆ ಭಾರದ ದನಿಯಲ್ಲಿ ಮಂದ್ರ ಸಪ್ತಕದ ಸ್ವರವೊಂದು ಸ್ಥಿರವಾಗಿ ನಿಂತಾಗ ಆಗುವ ಅನುಭವ ಗೊತ್ತಿದ್ದವರಿಗೆ, ಮ್ಯಾಗಿ ಬೆಲ್ ಅವರ ಶಕ್ತಿ ಎಲ್ಲಿದೆ ಎಂದು ವಿವರಿಸುವ ಅಗತ್ಯ ಬೀಳುವುದಿಲ್ಲ. ಎರಡು ಸಂಗೀತಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕಿವಿಗೆ ಸಿಕ್ಕ ಸಂಸ್ಕಾರ ಒಂದೇ ಎಂದಷ್ಟೇ ಹೇಳುತ್ತಿದ್ದೇನೆ.

ಆಲ್ಬಮ್ಮಿನ ಹಿಂದಿನ ಬದುಕನ್ನು ತಿಳಿಯುವ ಆಸೆಯಿಂದ ಒಂದು ಭಾನುವಾರ ಮೇರಿಹಿಲ್ಲಿನಲ್ಲಿ ನಡೆದಾಡಿದೆ. ಫೋರ್ತ್ ಅಂಡ್ ಕ್ಲೈಡ್ ಕಾಲುವೆಯ ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಬಾಗಿಲುಗಳು, ಕಲ್ಲಿನ ಹಳೆಯ ವಸತಿ ಕಟ್ಟಡಗಳು, ಅವುಗಳನ್ನು ಕೆಡವಿ ಕಟ್ಟಿದ ಹೊಸ ಮನೆಗಳು ಅಲ್ಲಿವೆ. 1945ರಲ್ಲಿ ಇಲ್ಲಿ ಹುಟ್ಟಿದ ಮ್ಯಾಗಿ ಬೆಲ್ ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು, ಹಗಲು ಅಂಗಡಿಗಳ ಪ್ರದರ್ಶನ ಕಿಟಕಿಗಳನ್ನು ಅಲಂಕರಿಸುವ ಕೆಲಸ ಮಾಡಿ, ಸಂಜೆ ನೃತ್ಯಮಂದಿರಗಳಲ್ಲಿ ಹಾಡುತ್ತಿದ್ದರು. ಊರಿನ ಪ್ರಸಿದ್ಧ ಗಾಯಕ ಅಲೆಕ್ಸ್ ಹಾರ್ವಿ ಹಾಡುತ್ತಿದ್ದ ವೇದಿಕೆಯನ್ನು ಏರಿ ಆಕೆ ದನಿಗೂಡಿಸಿದ್ದೂ, ಅವರು ಆಕೆಯನ್ನು ತಮ್ಮ ಕಿರಿಯ ಸಹೋದರ, ಗಿಟಾರ್ ವಾದಕ ಲೆಸ್ಲಿ ಹಾರ್ವಿಗೆ ಪರಿಚಯಿಸಿದ್ದೂ ಈ ಊರಿನ ಸಂಗೀತಪ್ರಿಯರು ಈಗಲೂ ಹೇಳುವ ಕಥೆ. ಇಬ್ಬರೂ ಸೇರಿ ಕಟ್ಟಿದ ತಂಡಕ್ಕೆ ಮೊದಲು ‘ಪವರ್’ ಎಂಬ ಹೆಸರಿತ್ತು. ಲೆಡ್ ಜೆಪ್ಪೆಲಿನ್ ತಂಡದ ಮ್ಯಾನೇಜರ್ ಪೀಟರ್ ಗ್ರಾಂಟ್ ಅವರ ಕೈಗೆ ಬಂದ ಮೇಲೆ ಅದು ‘ಸ್ಟೋನ್ ದಿ ಕ್ರೋಸ್’ ಆಯಿತು. 1970ರಿಂದ 1972ರ ನಡುವೆ ನಾಲ್ಕು ಆಲ್ಬಂಗಳು ಬಂದವು. ಮೊದಲನೆಯದರ ಎರಡನೆಯ ಮಗ್ಗುಲನ್ನು ಪೂರ್ತಿಯಾಗಿ ಆವರಿಸುವ ‘ಐ ಸಾ ಅಮೆರಿಕಾ’ ಹದಿನೇಳು ನಿಮಿಷದಷ್ಟು ಉದ್ದದ ರಚನೆ.

1972ರ ಮೇ 3ರಂದು ವೇಲ್ಸಿನ ಸ್ವಾನ್‌ಸೀ ನಗರದ ಟಾಪ್ ರ‍್ಯಾಂಕ್ ಸಭಾಂಗಣದಲ್ಲಿ ಲೆಸ್ಲಿ ಹಾರ್ವಿ ವೇದಿಕೆಯ ಮೇಲೆಯೇ ವಿದ್ಯುತ್ ಆಘಾತದಿಂದ ತೀರಿಕೊಂಡರು. ಆಗ ಅವರ ವಯಸ್ಸು 27. ಮ್ಯಾಗಿ ಬೆಲ್ ಅವರಿಗೆ ಆತ ತಂಡದ ಜೊತೆಗಾರ ಮಾತ್ರವಲ್ಲ, ಬಾಳಸಂಗಾತಿಯೂ ಆಗಿದ್ದರು. ಕೈಯಲ್ಲಿ ಗಿಟಾರ್ ಇರುವಾಗಲೇ, ಸರಿಯಾದ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿದ್ದು ಸಾವಿಗೆ ಕಾರಣ. ಈ ಸಂಗತಿಯನ್ನು ಓದಿ ಬಿಡಲು ನನಗೆ ಮನಸ್ಸಾಗಲಿಲ್ಲ. ನಮ್ಮ ಕಟ್ಟಡದ ಕೆಳಮನೆಯಲ್ಲಿರುವ, ನಿವೃತ್ತ ಎಲೆಕ್ಟ್ರಿಷಿಯನ್ ಆದ ಹಿರಿಯರನ್ನು ಕೇಳಿದೆ. ಅವರು ಚಹದ ಮೇಜಿನ ಮೇಲೆ ಕಾಗದ ಹರಡಿ ಚಿತ್ರ ಬರೆದು ತೋರಿಸಿದರು. ಎಲೆಕ್ಟ್ರಿಕ್ ಗಿಟಾರಿನ ಲೋಹದ ತಂತಿಗಳು ಆಂಪ್ಲಿಫೈಯರಿನ ಚೌಕಟ್ಟಿನ ಮೂಲಕ ಭೂಮಿಗೆ ಜೋಡಣೆಯಾಗಿರುತ್ತವೆ. ಮೈಕು ಇನ್ನೊಂದು ಉಪಕರಣಕ್ಕೆ ಸೇರಿದ್ದು. ಆ ಇನ್ನೊಂದರ ಭೂಮಿಯ ಜೋಡಣೆ ತಪ್ಪಿಹೋಗಿ, ಅದರ ಲೋಹದ ಮೈಯಲ್ಲಿ ವಿದ್ಯುತ್ತು ಸೋರುತ್ತಿದ್ದರೆ, ಒಂದು ಕೈಯಲ್ಲಿ ತಂತಿ, ಇನ್ನೊಂದರಲ್ಲಿ ಮೈಕು ಹಿಡಿದ ಮನುಷ್ಯನ ದೇಹವೇ ಅದು ಭೂಮಿಗೆ ಹರಿಯುವ ದಾರಿಯಾಗುತ್ತದೆ. ಕೈಯಿಂದ ಕೈಗೆ ಹೋಗುವ ಆ ದಾರಿಯ ನಡುವೆ ಹೃದಯವಿದೆ. ಸ್ಪೀಕರುಗಳಲ್ಲಿ ಬರುವ ಗುಂಯ್‌ಗುಡುವಿಕೆಯನ್ನು ನಿಲ್ಲಿಸಲು ಅರ್ಥ್ ತಂತಿಯನ್ನೇ ಬಿಚ್ಚಿಬಿಡುವ ಅಪಾಯಕರ ಅಭ್ಯಾಸ ಆ ಕಾಲದ ಸಂಗೀತ ತಂಡಗಳಲ್ಲಿ ಸಾಮಾನ್ಯವಾಗಿತ್ತು ಎಂದೂ ಅವರು ಹೇಳಿದರು. ಈಗ 30 ಮಿಲಿಆಂಪಿಯರ್ ಸೋರಿಕೆಯಾದರೂ ಕ್ಷಣಾರ್ಧದಲ್ಲಿ ವಿದ್ಯುತ್ತನ್ನು ಕಡಿದುಹಾಕುವ ಸುರಕ್ಷಾ ಸ್ವಿಚ್ಚುಗಳಿವೆ. ಅಂದು ಅವು ವೇದಿಕೆಗಳಲ್ಲಿ ಇರಲಿಲ್ಲ.

ತಂಡ ಅಲ್ಲಿಗೇ ನಿಲ್ಲಲಿಲ್ಲ. ಸ್ಕಾಟ್ಲೆಂಡಿನವರೇ ಆದ ಜಿಮ್ಮಿ ಮೆಕಲಕ್ ಎಂಬ ಹದಿಹರೆಯದ ಗಿಟಾರ್ ವಾದಕನನ್ನು ಕರೆತಂದು ನಾಲ್ಕನೆಯ ಆಲ್ಬಮ್ಮನ್ನು ಮುಗಿಸಿದರು. ಆದರೆ 1973ರಲ್ಲಿ ತಂಡ ಒಡೆಯಿತು. ಅದರ ಮರುವರ್ಷ ಬಂದದ್ದು ‘ಕ್ವೀನ್ ಆಫ್ ದಿ ನೈಟ್’.

ಇದನ್ನೆಲ್ಲ ತಿಳಿದುಕೊಂಡ ಮೇಲೆ ಎರಡನೆಯ ಮಗ್ಗುಲಿನ ‘ಆ್ಯಸ್ ದಿ ಇಯರ್ಸ್ ಗೋ ಪಾಸಿಂಗ್ ಬೈ’ ಹಾಡನ್ನು ಮತ್ತೆ ಕೇಳಿದೆ. 1959ರಲ್ಲಿ ಫೆಂಟನ್ ರಾಬಿನ್ಸನ್ ಧ್ವನಿಮುದ್ರಿಸಿದ, ಆಮೇಲೆ ಆಲ್ಬರ್ಟ್ ಕಿಂಗ್ ಅವರಿಂದ ಹೆಸರಾದ ನಿಧಾನಗತಿಯ ಬ್ಲೂಸ್ ಅದು. ಅಗಲಿದ ಪ್ರೀತಿ ವರ್ಷಗಳು ಉರುಳಿದರೂ ಬೆನ್ನು ಬಿಡುವುದಿಲ್ಲ ಎಂಬುದು ಅದರ ಭಾವ. ಗಾಯಕರ ಬದುಕನ್ನು ಹಾಡಿನೊಳಗೆ ತುರುಕಿ ಕೇಳುವುದು ನನಗೆ ಇಷ್ಟವಿಲ್ಲದ ಅಭ್ಯಾಸ. ಆದರೂ ಎರಡೇ ವರ್ಷಗಳ ಹಿಂದೆ ಅಂಥ ಸಾವನ್ನು ಕಂಡ ಹೆಣ್ಣು ಈ ಹಾಡನ್ನು ಆರಿಸಿಕೊಂಡದ್ದನ್ನು ಕಾಕತಾಳೀಯವೆಂದು ಬದಿಗಿಡಲು ನನ್ನಿಂದ ಆಗಲಿಲ್ಲ. ಸಾಲು ಮುಗಿದ ಮೇಲೆ ಗಿಟಾರು ಉತ್ತರ ಕೊಡುವುದು ಬ್ಲೂಸಿನ ವಾಡಿಕೆ. ಹಾಗೆ ಉತ್ತರ ಕೊಡುತ್ತಿದ್ದ ಲೆಸ್ಲಿಯ ಕೈಗಳು ಇಲ್ಲಿಲ್ಲ. ನ್ಯೂಯಾರ್ಕಿನ ನುರಿತ ಕೈಗಳು ಆ ಜಾಗದಲ್ಲಿವೆ, ಅವು ಬಹಳ ಘನತೆಯಿಂದ, ಅಗತ್ಯಕ್ಕಿಂತ ಒಂದು ಸ್ವರವೂ ಹೆಚ್ಚಾಗದಂತೆ ನುಡಿಯುತ್ತವೆ. ಜಾನ್ ಪ್ರೈನ್ ಅವರ ‘ಸುವೆನಿಯರ್ಸ್’ ಹಾಡನ್ನೂ ಹೀಗೆಯೇ ಕೇಳಿದೆ. ನೆನಪುಗಳನ್ನು ಹೊತ್ತು ತಿರುಗುವ ಆ ಸಣ್ಣ ಹಾಡಿನಲ್ಲಿ ಆಕೆ ಹೆಚ್ಚುಕಡಿಮೆ ಮಾತನಾಡುವ ದನಿಗೆ ಇಳಿಯುತ್ತಾರೆ. ಆಲ್ಬಮ್ಮಿನಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದೇ.

ಎಲ್ಲ ಹಾಡುಗಳೂ ಈ ಮಟ್ಟದವೆಂದು ಹೇಳಲಾರೆ. ರಿಂಗೋ ಸ್ಟಾರ್ ಅವರ ‘ಓ ಮೈ ಮೈ’ ಸಂತೋಷಕೂಟಕ್ಕೆ ಸಲ್ಲುವ ಹಾಡು. ಇಂಥ ದನಿಗೆ ಅಲ್ಲಿ ಮಾಡಲು ಕೆಲಸವಿಲ್ಲ. ಜೆ. ಜೆ. ಕೇಲ್ ಅವರ ‘ಆಫ್ಟರ್ ಮಿಡ್‌ನೈಟ್’ ಹಾಡನ್ನು ಎರಿಕ್ ಕ್ಲ್ಯಾಪ್ಟನ್ 1970ರಲ್ಲಿ ಮನೆಮಾತಾಗಿಸಿದ್ದರಿಂದ, ಅದರಲ್ಲಿ ಹೊಸದೇನನ್ನೂ ಕಾಣಿಸುವುದು ಕಷ್ಟವಾಗಿತ್ತು. ಇನ್ನೊಂದು ತೊಡಕು ವೆಕ್ಸ್ಲರ್ ಅವರ ಕ್ರಮದ್ದೇ ಇರಬಹುದು. ಅರೀಥಾ ಅವರಿಗೂ, ‘ಡಸ್ಟಿ ಇನ್ ಮೆಂಫಿಸ್’ನಲ್ಲಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅವರಿಗೂ ಒಗ್ಗಿದ ಹಾಗೆ, ಪಳಗಿದ ಸ್ಟುಡಿಯೊ ವಾದಕರನ್ನು ಕೂಡಿಸಿ, ಒಳ್ಳೆಯ ಹಾಡುಗಳನ್ನು ಬೇರೆ ಬೇರೆ ಕಡೆಯಿಂದ ಆರಿಸಿ ಗಾಯಕಿಯ ಮುಂದೆ ಇಡುವುದು ಆ ಕ್ರಮ. ಮ್ಯಾಗಿ ಬೆಲ್ ಬೆಳೆದದ್ದು ಬೆವರು ಸುರಿಸುವ ಜೀವಂತ ತಂಡದ ಎದುರಿಗೆ, ಅದರ ಸದ್ದನ್ನು ಮೀರಿ ಹಾಡಬೇಕಾದ ಸಭಾಂಗಣಗಳಲ್ಲಿ. ಆ ಜಗ್ಗಾಟ ಇಲ್ಲಿ ಕೆಲವು ಕಡೆ ಇಲ್ಲದಾಗಿದೆ. ಆದರೆ ಆ ಜಗ್ಗಾಟ ಇಲ್ಲದಿದ್ದುದರಿಂದಲೇ ಆಕೆಯ ಮೆಲುದನಿ ನಮಗೆ ಕೇಳಿಸುತ್ತದೆ ಎಂಬುದನ್ನೂ ಒಪ್ಪಬೇಕು. ಸ್ಟೋನ್ ದಿ ಕ್ರೋಸ್‌ನ ನಾಲ್ಕು ಆಲ್ಬಂಗಳಲ್ಲಿ ಎಲ್ಲಿಯೂ ಅದು ಇಷ್ಟು ಹತ್ತಿರದಿಂದ ಕೇಳಿಸುವುದಿಲ್ಲ.

ಕಂಪ್ಯೂಟರಿಗೆ ಇಳಿಸುವಾಗ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಎರಡನೆಯ ಮಗ್ಗುಲಿನ ಕೊನೆಯ ಹಾಡು ‘ಟ್ರೇಡ್ ವಿಂಡ್ಸ್’. ಎಲ್‌ಪಿ ಒಂದೇ ವೇಗದಲ್ಲಿ, ನಿಮಿಷಕ್ಕೆ 33⅓ ಬಾರಿ ಸುತ್ತುತ್ತದೆ. ಹೊರಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ಒಳಅಂಚಿನಲ್ಲಿ ಅದು ಸುಮಾರು 20 ಸೆಂಟಿಮೀಟರಿಗೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಅಡಕ ಮಾಡಿದಾಗ ‘ಸ’, ‘ಶ’ದಂಥ ಊಷ್ಮ ಧ್ವನಿಗಳು ಕರ್ಕಶವಾಗಿ ಸಿಡಿಯುತ್ತವೆ. ಎಲ್ಲ ಎಲ್‌ಪಿಗಳ ಒಳಅಂಚಿನ ಶಾಪವಿದು. ಮುಳ್ಳಿನ ಕೋನವನ್ನು ಅಳತೆಪಟ್ಟಿಯ ಮೇಲಿಟ್ಟು ಒಳಗಿನ ಗೆರೆಗಳಿಗೆ ಹೊಂದುವಂತೆ ತಿದ್ದಿ, ಸೂಕ್ಷ್ಮವಾದ ತುದಿಯಿರುವ ಇನ್ನೊಂದು ಮುಳ್ಳನ್ನು ಹಾಕಿದ ಮೇಲೆ ಸಿಡಿತ ಬಹುಪಾಲು ತಗ್ಗಿತು. ದನಿಯ ಸಣ್ಣ ವಿವರವೂ ಉಳಿಯುವಂತೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿಕೊಂಡು, ಚಟಪಟ ಸದ್ದುಗಳನ್ನು ತಂತ್ರಾಂಶಕ್ಕೆ ಒಪ್ಪಿಸದೆ ಕಿವಿಯಿಂದಲೇ ಗುರುತಿಸಿ ಒಂದೊಂದಾಗಿ ತೆಗೆದೆ. ಯಂತ್ರಕ್ಕೆ ಬಿಟ್ಟರೆ ಅದು ಡ್ರಮ್ಮಿನ ಕಡ್ಡಿಯ ಮೊದಲ ಏಟನ್ನೂ ಕೊಳೆಯೆಂದು ಭಾವಿಸಿ ಸವರಿಹಾಕುತ್ತದೆ. ಸ್ಟೀವ್ ಗ್ಯಾಡ್ ಅವರಂಥ ವಾದಕರ ರೆಕಾರ್ಡಿನಲ್ಲಿ ಹಾಗೆ ಆಗಗೊಡುವುದು ತಪ್ಪು. ರಾಲ್ಫ್ ಮೆಕ್‌ಡೊನಾಲ್ಡ್ ಮತ್ತು ವಿಲಿಯಂ ಸಾಲ್ಟರ್ ಬರೆದ ಈ ‘ಟ್ರೇಡ್ ವಿಂಡ್ಸ್’ ಹಾಡನ್ನು ಎರಡು ವರ್ಷಗಳ ನಂತರ, 1976ರ ತಮ್ಮ ‘ಎ ನೈಟ್ ಆನ್ ದಿ ಟೌನ್’ ಆಲ್ಬಮ್ಮಿನಲ್ಲಿ ರಾಡ್ ಸ್ಟೀವರ್ಟ್ ಕೂಡ ಹಾಡಿದರು. ಅವರ ಹಾಡಿಕೆ ಲಕ್ಷಾಂತರ ಮನೆಗಳನ್ನು ತಲುಪಿತು. ಎರಡನ್ನೂ ಕೇಳಿದ ನನಗೆ ಮ್ಯಾಗಿ ಬೆಲ್ ಅವರದೇ ಹೆಚ್ಚು ತೂಕದ್ದೆನಿಸುತ್ತದೆ.

ಆಲ್ಬಂ ಮರೆಯಾದದ್ದಕ್ಕೆ ಒಂದೇ ಕಾರಣ ಹುಡುಕುವುದು ಸರಿಯಲ್ಲ. 1975ರಲ್ಲಿ ‘ಸೂಸೈಡ್ ಸಾಲ್’ ಎಂಬ ಇನ್ನೊಂದು ಆಲ್ಬಂ ಬಂತು. ಅದರ ಎರಡು ಹಾಡುಗಳಲ್ಲಿ ಲೆಡ್ ಜೆಪ್ಪೆಲಿನ್‌ನ ಜಿಮ್ಮಿ ಪೇಜ್ ಗಿಟಾರ್ ನುಡಿಸಿದ್ದಾರೆ. ಆಮೇಲೆ ಸಂಗೀತದ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿತು. ಪಂಕ್ ಎಂಬ ಬಿರುಸಿನ ಹೊಸ ರಾಕ್ ಬಂದಾಗ ಬ್ಲೂಸ್ ಹಾಡುವವರು ಹಳೆಯ ತಲೆಮಾರಿನವರಾಗಿಬಿಟ್ಟರು. ಟಿವಿ ಧಾರಾವಾಹಿಗಳ ಶೀರ್ಷಿಕೆ ಗೀತೆಗಳು, ‘ಮಿಡ್‌ನೈಟ್ ಫ್ಲೈಯರ್’ ಎಂಬ ತಂಡ, ಹಾಲೆಂಡಿನಲ್ಲಿ ಹಲವು ವರ್ಷಗಳ ವಾಸ, ಮತ್ತೆ ಬ್ರಿಟನ್ನಿಗೆ ಮರಳಿ ‘ಬ್ರಿಟಿಷ್ ಬ್ಲೂಸ್ ಕ್ವಿಂಟೆಟ್’ ಜೊತೆ ಹಾಡಿಕೆ: ಹೀಗೆ ಅವರ ಮುಂದಿನ ದಾರಿ ಸಾಗಿತು. ಒಂದೇ ಹೆಸರಿನಡಿ, ಒಂದೇ ಊರಿನಲ್ಲಿ, ಒಂದೇ ತಂಡದೊಡನೆ ನಿಂತವರನ್ನು ಇತಿಹಾಸ ನೆನಪಿಟ್ಟುಕೊಳ್ಳುವಷ್ಟು ಸುಲಭವಾಗಿ ಹೀಗೆ ಅಲೆದವರನ್ನು ಇಟ್ಟುಕೊಳ್ಳುವುದಿಲ್ಲ. ‘ಪರ್ಲ್’ ಬಗ್ಗೆ ನೂರಾರು ಪುಟ ಬರೆದವರು ಅದೇ ಹಾಡಿನ ಈ ಇನ್ನೊಂದು ರೂಪವನ್ನು ಒಂದು ಸಾಲಿನಲ್ಲಾದರೂ ನೆನೆಯಬೇಕಿತ್ತು ಎಂಬ ಕೊರಗು ನನಗಿದೆ.

ಇಳಿಸಿಕೊಂಡ ಹಾಡುಗಳಲ್ಲಿ ಕೆಲವನ್ನು ಕಾಕಾ ಅವರಿಗೆ ಕೇಳಿಸಿದೆ. ಇಂಗ್ಲಿಷ್ ಹಾಡು ಕೇಳುವ ರೂಢಿ ಅವರಿಗಿಲ್ಲ, ಆದ್ದರಿಂದ ಹಾಡಿನ ಅರ್ಥವನ್ನಾಗಲಿ ಹಾಡಿದಾಕೆಯ ಬದುಕನ್ನಾಗಲಿ ನಾನು ಮೊದಲೇ ಹೇಳಲಿಲ್ಲ. ‘ಆ್ಯಸ್ ದಿ ಇಯರ್ಸ್ ಗೋ ಪಾಸಿಂಗ್ ಬೈ’ ಕೇಳಿ ಮುಗಿಸಿದವರು, “ಮ್ಯಾಲ ಹೋಗೂದು ಎಲ್ಲಾರೂ ಹೋಗ್ತಾರ. ಈಕಿ ಕೆಳಗ ಬಂದು ನಿಂತ್ಲಲ್ಲ, ಅದು ಕೇಳೂ ಹಂಗದ. ಇನ್ನೊಮ್ಮಿ ಹಚ್ಚು” ಎಂದರು. ಆಮೇಲೆ ಆಕೆಯ ಕಥೆಯನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ತಂಡದಲ್ಲಿ ಆತ ಗಿಟಾರ್ ನುಡಿಸಿದ ಹಾಡುಗಳು ಇದ್ದರೆ ಅವನ್ನೂ ಕಳಿಸು ಎಂದರು. ಸ್ಟೋನ್ ದಿ ಕ್ರೋಸ್‌ನ ಮೊದಲ ಆಲ್ಬಂ ಈಗ ನನ್ನ ಬಳಿ ಇದೆ. ಅದರ ಎರಡನೆಯ ಮಗ್ಗುಲಿನ ಆ ಉದ್ದನೆಯ ರಚನೆಯನ್ನು ಇಳಿಸುವ ಕೆಲಸವನ್ನು ಈ ವಾರ ಶುರುಮಾಡಿದ್ದೇನೆ.